‘ಮಗು ಹೀಗಾಗೋಕೆ ಅಮ್ಮನೇ ಕಾರಣ’ ಅನ್ನೋ ಮಾತನ್ನು ಒಪ್ಪದ ಒಂದು ಕೇಂದ್ರದ ಕತೆ

(ಈ ವಾರದ ಕಂತಿನ ಬರಹ ರೂಪ. ಬಸ್ಸಲ್ಲಿ ಇಯರ್‌ಫೋನ್ ಮರೆತು ಬಂದವರಿಗೆ.)

ಇವತ್ತಿನ ಕಂತನ್ನ ಒಂದು ಫ್ರಿಜ್ ಬಾಗಿಲಿಂದ ಶುರು ಮಾಡ್ತೀನಿ.

ತುಮಕೂರಲ್ಲಿ ನನ್ನ ದೊಡ್ಡಮ್ಮನ ಮಗಳಿದ್ದಾಳೆ. ನನಗಿಂತ ಆರು ವರ್ಷ ದೊಡ್ಡವಳು, ಅಕ್ಕ ಅಂತಲೇ ಕರೆಯೋದು. ಅವಳ ಮಗನಿಗೆ ಈಗ ಏಳು ವರ್ಷ. ಅವನಿಗೆ ಆಟಿಸಂ ಇದೆ. ಮಾತು ಕಡಿಮೆ, ಆದ್ರೆ ಮನೆ ಮುಂದೆ ಹೋಗೋ ಬಸ್ಸುಗಳ ನಂಬರೆಲ್ಲ ಬಾಯಿಪಾಠ. ಅವರ ಮನೆ ಫ್ರಿಜ್ ಬಾಗಿಲ ಮೇಲೆ, ಅವನ ಕೈಗೆ ಸಿಗೋ ಎತ್ತರದಲ್ಲಿ, ಮೇಲಿಂದ ಕೆಳಕ್ಕೆ ಒಂದು ಪಟ್ಟಿ ಅಂಟಿಸಿದ್ದಾರೆ. ಅದರಲ್ಲಿ ಐದು ಚಿತ್ರ. ಬ್ರಷ್, ಬಕೆಟ್, ದೋಸೆ, ಸ್ಕೂಲ್ ಬ್ಯಾಗ್, ಆಟೋ. ಹಲ್ಲುಜ್ಜಿ ಆದ ಮೇಲೆ ಅವನೇ ಬಂದು ಬ್ರಷ್ ಚಿತ್ರ ಕಿತ್ತು ಕೆಳಗಿರೋ ಡಬ್ಬಿಗೆ ಹಾಕ್ತಾನೆ. ಆಮೇಲೆ ಬಕೆಟ್ ಚಿತ್ರ ನೋಡ್ತಾನೆ, ಬಚ್ಚಲಿಗೆ ಹೋಗ್ತಾನೆ. ಯಾರೂ ಕರೆಯೋ ಹಾಗೇ ಇಲ್ಲ.

ಈ ಪಟ್ಟಿ ಬರೋಕೆ ಮುಂಚೆ ಆ ಮನೆಯಲ್ಲಿ ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಯುದ್ಧ. ಸ್ನಾನಕ್ಕೆ ಬಾ ಅಂದ್ರೆ ಕಿರುಚಾಟ, ತಲೆ ಗೋಡೆಗೆ ಚಚ್ಚಿಕೊಳ್ಳೋದು. ಎಲ್ಲರೂ ಹಠ ಅಂದ್ಕೊಂಡಿದ್ವಿ. ಅಕ್ಕ ಒಂದಿನ ಫೋನಲ್ಲಿ ಹೇಳಿದ್ಲು, “ಅವನಿಗೆ ಹಠ ಇರ್ಲಿಲ್ಲ ಕಣೋ. ಮುಂದೇನು ಅಂತ ಗೊತ್ತಾಗ್ತಿರ್ಲಿಲ್ಲ, ಅಷ್ಟೇ.”

ಪಟ್ಟಿ ಹೇಳಿಕೊಟ್ಟಿದ್ದು ಒಬ್ಬ ವಿಶೇಷ ಶಿಕ್ಷಕಿ. ಅವರು ಅದನ್ನ ‘ಟೀಚ್ ಪದ್ಧತಿ’ ಅಂದ್ರಂತೆ. ಟೀಚ್ ಅಂದ್ರೆ ಕಲಿಸು ಅನ್ನೋ ಇಂಗ್ಲಿಷ್ ಪದ ಇರಬೇಕು ಅಂದ್ಕೊಂಡು ಸುಮ್ಮನಿದ್ದೆ. ಆಮೇಲೆ ಹುಡುಕಿ ನೋಡಿದಾಗ ಗೊತ್ತಾಯ್ತು, ಅದು ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿರೋ ಒಂದು ಕೇಂದ್ರದ ಹೆಸರು. ಟಿ, ಇ, ಎ ಆದ ಮೇಲೆ ಸಿ ಎರಡು ಸಲ, ಕೊನೆಗೆ ಎಚ್. ಆಟಿಸಂ ಮತ್ತು ಅದಕ್ಕೆ ಹತ್ತಿರದ ಸಂವಹನ ತೊಂದರೆ ಇರುವ ಮಕ್ಕಳ ಚಿಕಿತ್ಸೆ ಮತ್ತು ಶಿಕ್ಷಣ ಅನ್ನೋ ಉದ್ದನೆಯ ಇಂಗ್ಲಿಷ್ ಹೆಸರಿನ ಅಕ್ಷರಗಳು. ಅದರ ಇತಿಹಾಸ ಓದ್ತಾ ಹೋದಾಗ ನಂಗೆ ಪಟ್ಟಿಗಿಂತ ಹೆಚ್ಚಾಗಿ ಅಕ್ಕನೇ ನೆನಪಾದ್ಲು. ಯಾಕೆ ಅಂತ ಹೇಳ್ತೀನಿ.

ಮಗನಿಗೆ ಎರಡೂವರೆ ವರ್ಷ ಇದ್ದಾಗ, ಮಾತು ಬರ್ತಿಲ್ಲ ಅಂತ ಅಕ್ಕ ಒಬ್ಬ ಡಾಕ್ಟರ ಹತ್ತಿರ ಹೋಗಿದ್ಲು. ಅವರ ಮೊದಲ ಪ್ರಶ್ನೆ, “ನೀವು ಕೆಲಸಕ್ಕೆ ಹೋಗ್ತೀರಾ?” ಎರಡನೇದು, “ಮನೇಲಿ ಮಗು ಜೊತೆ ಯಾರೂ ಮಾತಾಡಲ್ವಾ?” ಪಕ್ಕದ ಮನೆಯವರು, ಮೊಬೈಲ್ ಕೊಟ್ಟು ಬೆಳೆಸಿದ್ರೆ ಇನ್ನೇನಾಗುತ್ತೆ ಅಂದ್ರು. ಅವಳ ಅತ್ತೆ, ಬಸುರಿಯಲ್ಲಿ ಗ್ರಹಣದ ದಿನ ಹೊರಗೆ ಬಂದಿದ್ಲು ಅಂತ ಶುರು ಮಾಡಿದ್ರು. ಕಾರಣ ಮೂರು, ಆರೋಪಿ ಮಾತ್ರ ಒಬ್ಬಳೇ. ಭಾವನನ್ನ ಯಾರೂ ಒಂದು ಮಾತು ಕೇಳಲಿಲ್ಲ, ಅದು ಬಿಡಿ.

ಹೀಗೆ ತಾಯಿಯನ್ನ ಕಟಕಟೆಯಲ್ಲಿ ನಿಲ್ಲಿಸೋದು ನಮ್ಮ ಊರಿನ ಅಜ್ಞಾನ ಅಂದ್ಕೊಂಡಿದ್ದೆ. ಅಲ್ಲ. ಒಂದು ಕಾಲದಲ್ಲಿ ಅದು ಅಮೆರಿಕದ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡ್ತಿದ್ದ ಸಿದ್ಧಾಂತ.

ಸ್ವಲ್ಪ ಹಿಂದಕ್ಕೆ ಹೋಗೋಣ. 1943. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಒಂದು ಪ್ರಬಂಧ ಬರೆದರು. ಆಟಿಸಂ ಅನ್ನೋದನ್ನ ಒಂದು ಪ್ರತ್ಯೇಕ ಸ್ಥಿತಿ ಅಂತ ಗುರುತಿಸಿದ ಪ್ರಬಂಧ ಅದು. ಈ ಮಕ್ಕಳು ಹುಟ್ಟಿನಿಂದಲೇ ಹೀಗೆ ಬಂದಿರಬೇಕು ಅಂತ ಕ್ಯಾನರ್ ಅದರಲ್ಲೇ ಬರೆದಿದ್ರು. ಆದ್ರೆ ಜೊತೆಗೇ ಇನ್ನೊಂದು ಮಾತು ಸೇರಿಸಿದ್ರು: ಇವರ ಅಪ್ಪ ಅಮ್ಮಂದಿರಲ್ಲಿ ನಿಜವಾದ ಅಕ್ಕರೆ ಇರುವವರು ಕಡಿಮೆ. ಕೆಲವು ವರ್ಷಗಳ ನಂತರ ಅವರೇ, ಈ ಮಕ್ಕಳು ಕರಗದ ಫ್ರಿಜ್‌ನೊಳಗೆ ಬೆಳೆದ ಹಾಗೆ ಬೆಳೆದಿದ್ದಾರೆ ಅನ್ನೋ ಹೋಲಿಕೆ ಕೊಟ್ರು. ಅಲ್ಲಿಂದ ‘ಫ್ರಿಜ್ ತಾಯಂದಿರು’ ಅನ್ನೋ ಹೆಸರು ಹುಟ್ಟಿಕೊಂಡು ಬಿಡ್ತು. ಅಕ್ಕನ ಮನೆ ಫ್ರಿಜ್ ನೆನಪಾಗಿ ನಂಗೆ ಇದನ್ನ ಓದುವಾಗ ಒಂಥರಾ ಆಯ್ತು.

ಈ ವಿಚಾರವನ್ನ ಮನೆಮನೆಗೆ ತಲುಪಿಸಿದವರು ಬ್ರೂನೋ ಬೆಟಲ್‌ಹೈಮ್. ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ. 1938-39ರಲ್ಲಿ ನಾಜಿಗಳ ದಾಖೌ, ಬುಖೆನ್‌ವಾಲ್ಡ್ ಶಿಬಿರಗಳಲ್ಲಿದ್ದು ಬದುಕಿ ಬಂದವರು. 1944ರಿಂದ ಶಿಕಾಗೋ ವಿಶ್ವವಿದ್ಯಾಲಯದ ಒಂದು ವಸತಿ ಶಾಲೆ ನಡೆಸ್ತಿದ್ರು. ಶಿಬಿರದಲ್ಲಿ ಕೈದಿಗಳು ಭಯದಿಂದ ತಮ್ಮೊಳಗೆ ತಾವೇ ಮುದುಡಿಕೊಂಡಿದ್ದನ್ನ ಅವರು ಕಂಡಿದ್ರು. ಆಟಿಸಂ ಇರೋ ಮಗುವನ್ನ ನೋಡಿದಾಗ ಅವರಿಗೆ ಅದೇ ಕಾಣಿಸ್ತು. ಮಗು ಕೈದಿ ಆದ್ರೆ ಕಾವಲುಗಾರರು ಯಾರು? ತಂದೆ ತಾಯಿ. 1967ರಲ್ಲಿ ಬಂದ ಅವರ ಪುಸ್ತಕದ ವಾದ ಇಷ್ಟೇ: ಈ ಮಗು ಇರಲೇಬಾರದಿತ್ತು ಅಂತ ಹೆತ್ತವರ ಮನಸ್ಸಿನೊಳಗೆ ಎಲ್ಲೋ ಇದೆ, ಮಗುವಿಗೆ ಅದು ತಟ್ಟಿದೆ, ಹಾಗಾಗಿ ಅದು ಒಳಗೆ ಸೇರಿಕೊಂಡಿದೆ. ಪರಿಹಾರ ಏನು? ಮಗುವನ್ನ ಮನೆಯಿಂದ ದೂರ ಇಡೋದು. ತಾಯಿಗೆ ಮಾನಸಿಕ ಚಿಕಿತ್ಸೆ ಕೊಡೋದು. ಅವರು ಟಿವಿಯಲ್ಲಿ ಬರ್ತಿದ್ರು, ಪತ್ರಿಕೆಗಳಲ್ಲಿ ಬರೀತಿದ್ರು, ಜನ ನಂಬ್ತಿದ್ರು.

ಒಬ್ಬ ತಾಯಿಯ ಸ್ಥಾನದಲ್ಲಿ ನಿಂತು ಯೋಚನೆ ಮಾಡಿ. ನಿಮ್ಮ ಮಗು ನಿಮ್ಮ ಕಡೆ ನೋಡಲ್ಲ. ಎತ್ತಿಕೊಂಡ್ರೆ ಕೊಸರಿಕೊಳ್ಳುತ್ತೆ. ಸಹಾಯ ಕೇಳೋಕೆ ದೊಡ್ಡ ಡಾಕ್ಟರ ಹತ್ತಿರ ಹೋಗ್ತೀರಿ, ಅವರು ನಿಮ್ಮ ಮಗುವನ್ನ ಬಿಟ್ಟು ನಿಮ್ಮನ್ನೇ ಪರೀಕ್ಷೆ ಮಾಡೋಕೆ ಶುರು ಮಾಡ್ತಾರೆ. ಬೇಜಾರಲ್ಲಿ ನೀವು ಸ್ವಲ್ಪ ಗಂಭೀರವಾಗಿ ಕೂತ್ರೆ, ‘ನೋಡಿ, ಎಷ್ಟು ತಣ್ಣಗಿದ್ದಾಳೆ’ ಅಂತ ಬರ್ಕೊಳ್ತಾರೆ.

ಈಗ ನಮ್ಮ ಕತೆಯ ಮುಖ್ಯ ವ್ಯಕ್ತಿ ಬರ್ತಾರೆ. ಎರಿಕ್ ಶಾಪ್ಲರ್. ಹುಟ್ಟಿದ್ದು 1927ರಲ್ಲಿ, ಜರ್ಮನಿಯ ಫ್ಯೂರ್ತ್ ಊರಲ್ಲಿ. ಇವರೂ ಯಹೂದಿ. 1938ರಲ್ಲಿ, ಹನ್ನೊಂದು ವರ್ಷದ ಹುಡುಗನಿದ್ದಾಗ, ಮನೆಯವರು ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಬಂದ್ರು. ಮುಂದೆ ಓದಿದ್ದು ಅದೇ ಶಿಕಾಗೋ ವಿಶ್ವವಿದ್ಯಾಲಯದಲ್ಲಿ. ಬೆಟಲ್‌ಹೈಮ್ ಅವರ ಹೆಸರು ಮೊಳಗ್ತಿದ್ದ ಜಾಗದಲ್ಲೇ. ಇಬ್ಬರೂ ಒಂದೇ ದುರಂತದಿಂದ ಓಡಿಬಂದವರು, ಆದ್ರೆ ಕಲಿತ ಪಾಠ ಬೇರೆ. ಬೆಟಲ್‌ಹೈಮ್‌ಗೆ ಹೆತ್ತವರು ಕಾವಲುಗಾರರ ಹಾಗೆ ಕಂಡ್ರು. ಶಾಪ್ಲರ್‌ಗೆ ಕಂಡಿದ್ದು ಇನ್ನೊಂದು: ಒಂದು ಸಮಸ್ಯೆ ಯಾರಿಗೂ ಅರ್ಥ ಆಗದೇ ಇದ್ದಾಗ, ಹೊಣೆ ಹೊರಿಸೋಕೆ ಕೈಗೆ ಸಿಕ್ಕ ಒಂದು ಗುಂಪನ್ನ ಹಿಡೀತಾರೆ. 1971ರಲ್ಲಿ ಅವರು ಬರೆದ ಒಂದು ಲೇಖನದ ಶೀರ್ಷಿಕೆಯಲ್ಲೇ ಈ ಹೆತ್ತವರನ್ನ ಬಲಿಪಶುಗಳು ಅಂತ ಕರೆದ್ರು. ಜರ್ಮನಿಯಿಂದ ಓಡಿಬಂದ ಯಹೂದಿ ಹುಡುಗ ಆ ಪದವನ್ನ ಸುಮ್ಮನೆ ಆರಿಸಿಕೊಂಡಿರಲಾರ ಅನ್ನೋದು ನನ್ನ ಊಹೆ.

ಶಾಪ್ಲರ್ ಅವರ ಪಿಎಚ್‌ಡಿ ಸಂಶೋಧನೆ ಈ ಮಕ್ಕಳು ತಮ್ಮ ಇಂದ್ರಿಯಗಳನ್ನ ಹೇಗೆ ಬಳಸ್ತಾರೆ ಅನ್ನೋದರ ಮೇಲೆ. ಅಂದ್ರೆ ಪ್ರಶ್ನೆಯನ್ನೇ ಬದಲಾಯಿಸಿದ್ರು. ‘ಈ ಮಗುವಿಗೆ ಪ್ರೀತಿ ಸಿಕ್ಕಿಲ್ವಾ?’ ಅಂತ ಕೇಳೋ ಬದಲು, ‘ಈ ಮಗುವಿನ ಮಿದುಳಿಗೆ ಹೊರಗಿನ ಸಂಗತಿ ಹೇಗೆ ತಲುಪುತ್ತೆ?’ ಅಂತ ಕೇಳಿದ್ರು. ಕಿವಿಗೆ ಬಿದ್ದು ಮಾಯವಾಗೋ ಮಾತನ್ನ ಹಿಡಿದಿಟ್ಟುಕೊಳ್ಳೋದು ಇವರಲ್ಲಿ ತುಂಬ ಮಕ್ಕಳಿಗೆ ಕಷ್ಟ, ಕಣ್ಣೆದುರು ನಿಂತೇ ಇರೋದು ಸುಲಭ. ಈ ತಿಳಿವಳಿಕೆ ಮುಂದೆ ಅವರ ಎಲ್ಲ ಕೆಲಸಕ್ಕೂ ಬುನಾದಿ ಆಯ್ತು.

1964ರಲ್ಲಿ ಶಾಪ್ಲರ್ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಕ್ಕೆ ಸೇರಿದ್ರು, ಚಾಪೆಲ್ ಹಿಲ್ ಅನ್ನೋ ಊರಿಗೆ. ಅಲ್ಲೂ ಮೊದಲು ನಡೀತಿದ್ದಿದ್ದು ಹಳೇ ಪದ್ಧತಿಯೇ. ಮಕ್ಕಳನ್ನ ಒಂದು ಕೋಣೆಯಲ್ಲಿ ಸ್ವತಂತ್ರವಾಗಿ ಬಿಡೋದು, ಒಳಗಿರೋ ಸಿಟ್ಟು ಹೊರಗೆ ಬರಲಿ ಅಂತ ಕಾಯೋದು, ಹೆತ್ತವರನ್ನ ಬೇರೆ ಕೂರಿಸಿ ಅವರ ಮನಸ್ಸು ಕೆದಕೋದು. ಬಿಟ್ಟಷ್ಟೂ ಮಕ್ಕಳು ಇನ್ನಷ್ಟು ಗೊಂದಲಕ್ಕೆ ಬೀಳ್ತಿದ್ರು. ಶಾಪ್ಲರ್ ಮತ್ತು ಅವರ ಜೊತೆಗಿದ್ದ ಯುವ ಮನೋವೈದ್ಯ ರಾಬರ್ಟ್ ರೈಕ್ಲರ್ ಇದನ್ನ ತಲೆಕೆಳಗು ಮಾಡೋಕೆ ಹೊರಟ್ರು. 1966ರಲ್ಲಿ ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆಯಿಂದ ಐದು ವರ್ಷಕ್ಕೆ ಅನುದಾನ ಸಿಕ್ತು. ಒಂದು ಸಣ್ಣ ಸಂಶೋಧನಾ ಯೋಜನೆ, ಅಷ್ಟೇ.

ಅಲ್ಲಿ ನಡೀತಿದ್ದಿದ್ದು ಹೀಗೆ. ಒಂದು ಕೋಣೆ, ಅದರ ಗೋಡೆಯಲ್ಲಿ ಒಂದು ಕಡೆಯಿಂದ ಮಾತ್ರ ಕಾಣೋ ಗಾಜು. ಒಳಗೆ ಚಿಕಿತ್ಸಕರು ಮಗುವಿನ ಜೊತೆ ಕೂತು ಕೆಲಸ ಮಾಡ್ತಾರೆ. ಗಾಜಿನ ಆಚೆ ಅಮ್ಮ, ಅಪ್ಪ ನಿಂತು ನೋಡ್ತಾರೆ. ಅವರ ಪಕ್ಕದಲ್ಲಿ ಇನ್ನೊಬ್ಬ ಸಿಬ್ಬಂದಿ, ಒಳಗೆ ಈಗ ಏನು ಮಾಡ್ತಿದ್ದಾರೆ, ಯಾಕೆ ಮಾಡ್ತಿದ್ದಾರೆ ಅಂತ ಹೇಳ್ತಾರೆ. ಆಮೇಲೆ ಮನೆಯಲ್ಲಿ ಮಾಡೋಕೆ ಒಂದು ಬರೆದ ಕಾರ್ಯಕ್ರಮ ಕೊಡ್ತಾರೆ. ದಿನಾ ಇಷ್ಟು ಹೊತ್ತು, ಈ ಸಾಮಾನು, ಹೀಗೆ. ಮುಂದಿನ ಸಲ ಬಂದಾಗ ಅಮ್ಮ ಒಳಗೆ, ಚಿಕಿತ್ಸಕರು ಗಾಜಿನ ಆಚೆ. ಈಗ ನೋಡಿ ಕಲಿಯೋ ಸರದಿ ಅವರದು. ಯಾಕಂದ್ರೆ ಆ ಮಗುವಿನ ಬಗ್ಗೆ ಅಮ್ಮನಿಗೆ ಗೊತ್ತಿರೋಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಶಾಪ್ಲರ್ ಮತ್ತು ರೈಕ್ಲರ್ ತಂದೆತಾಯಿಗೆ ಕೊಟ್ಟ ಹೆಸರು ‘ಸಹ-ಚಿಕಿತ್ಸಕರು’. ನೆನಪಿರಲಿ, ಬೆಟಲ್‌ಹೈಮ್ ಪುಸ್ತಕ ಬಂದಿದ್ದು ಇದೇ ಹೊತ್ತಲ್ಲಿ. ಶಿಕಾಗೋದಲ್ಲಿ ಮಗುವನ್ನ ಅಮ್ಮನಿಂದ ದೂರ ಇಡ್ತಿದ್ರೆ, ಚಾಪೆಲ್ ಹಿಲ್‌ನಲ್ಲಿ ಅಮ್ಮನನ್ನ ಕೋಣೆಯೊಳಗೆ ಕರೀತಿದ್ರು.

1971ರಲ್ಲಿ ಅವರು ಇನ್ನೊಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದ್ರು. ಒಂದೇ ಗುಂಪಿನ ಮಕ್ಕಳ ಜೊತೆ ಕೆಲವು ದಿನ ಕ್ರಮಬದ್ಧವಾಗಿ ಕೆಲಸ, ಅಂದ್ರೆ ಏನು ಮಾಡಬೇಕು, ಹೇಗೆ, ಎಷ್ಟು ಹೊತ್ತು ಅಂತ ದೊಡ್ಡವರೇ ತೀರ್ಮಾನಿಸೋದು. ಇನ್ನು ಕೆಲವು ದಿನ ಮಕ್ಕಳಿಷ್ಟಕ್ಕೆ ಬಿಡೋದು. ಕ್ರಮ ಇದ್ದಾಗ ಮಕ್ಕಳ ಗಮನ, ಸಂಬಂಧ, ವರ್ತನೆ ಎಲ್ಲ ಉತ್ತಮ ಆಗಿತ್ತು. ಬೆಳವಣಿಗೆಯಲ್ಲಿ ಹೆಚ್ಚು ಹಿಂದಿದ್ದ ಮಕ್ಕಳಿಗಂತೂ ಕ್ರಮ ಇನ್ನೂ ಅಗತ್ಯವಾಗಿತ್ತು. ಇದು ಈಗ ಯಾವ ವಿಶೇಷ ಶಾಲೆಯಲ್ಲಿ ಕೇಳಿದ್ರೂ ಗೊತ್ತಿರೋ ಸಂಗತಿ. ಆಗ ಹೊಸದು.

ಆದ್ರೆ ಅದೇ ಹೊತ್ತಿಗೆ ದುಡ್ಡು ಮುಗೀತು. ಐದು ವರ್ಷದ ಅನುದಾನ ಅಂದ್ರೆ ಐದು ವರ್ಷವೇ. ನಮ್ಮಲ್ಲೂ ಎಷ್ಟೋ ಒಳ್ಳೇ ಯೋಜನೆಗಳು ಇಲ್ಲಿಗೇ ನಿಂತು ಹೋಗ್ತವೆ ಅಲ್ವಾ, ವರದಿ ಬರೆದು, ಫೋಟೋ ತೆಗೆಸಿಕೊಂಡು. ಇಲ್ಲಿ ಹಾಗಾಗಲಿಲ್ಲ. ಯಾಕಂದ್ರೆ ಐದು ವರ್ಷದಲ್ಲಿ ಆ ಗಾಜಿನ ಹಿಂದೆ ನಿಂತು ಕಲಿತ ಹೆತ್ತವರ ಒಂದು ಪಡೆಯೇ ತಯಾರಾಗಿತ್ತು. ನಾರ್ತ್ ಕ್ಯಾರೊಲಿನಾದ ಹೆತ್ತವರು 1970ರಲ್ಲೇ ತಮ್ಮದೊಂದು ಸಂಘ ಕಟ್ಟಿಕೊಂಡಿದ್ರು. ಅವರು ರಾಜ್ಯದ ಶಾಸಕರ ಬೆನ್ನು ಹತ್ತಿದ್ರು. ನಮ್ಮ ಮಕ್ಕಳು ಕಲೀತಿದ್ದಾರೆ, ಇದನ್ನ ನಿಲ್ಲಿಸಬೇಡಿ, ರಾಜ್ಯ ಸರ್ಕಾರವೇ ನಡೆಸಲಿ ಅಂತ. 1972ರಲ್ಲಿ ಶಾಸನಸಭೆ ಒಪ್ಪಿತು. ವಿಶ್ವವಿದ್ಯಾಲಯದ ಮನೋವೈದ್ಯ ವಿಭಾಗದಡಿ ಟೀಚ್ ಕಾಯಂ ವಿಭಾಗ ಆಯ್ತು. ಮೊದಲಿಗೆ ಮೂರು ಪ್ರಾದೇಶಿಕ ಕೇಂದ್ರ: ಗುಡ್ಡಗಾಡಿನ ಆಶ್‌ವಿಲ್, ನಡುವೆ ಚಾಪೆಲ್ ಹಿಲ್, ಪೂರ್ವದ ಬಯಲಲ್ಲಿ ಗ್ರೀನ್‌ವಿಲ್. ಜೊತೆಗೆ ಸರ್ಕಾರಿ ಶಾಲೆಗಳೊಳಗೇ ವಿಶೇಷ ತರಗತಿಗಳು. ಆಟಿಸಂಗೆ ಇಡೀ ರಾಜ್ಯಕ್ಕೆ ಅನ್ವಯಿಸೋ ಇಂಥ ವ್ಯವಸ್ಥೆ ಅಮೆರಿಕದಲ್ಲಿ ಅದೇ ಮೊದಲು.

ಇದು ಎಷ್ಟು ದೊಡ್ಡ ವಿಷಯ ಅಂತ ಅರ್ಥ ಆಗಬೇಕಂದ್ರೆ ಒಂದು ತಾರೀಕು ಸಾಕು. ಅಂಗವೈಕಲ್ಯ ಇರೋ ಪ್ರತಿ ಮಗುವಿಗೂ ಸರ್ಕಾರಿ ಶಾಲೆಯಲ್ಲಿ ಶಿಕ್ಷಣ ಕೊಡಲೇಬೇಕು ಅನ್ನೋ ರಾಷ್ಟ್ರಮಟ್ಟದ ಕಾನೂನು ಅಮೆರಿಕದಲ್ಲಿ ಬಂದಿದ್ದು 1975ರಲ್ಲಿ. ಅದಕ್ಕೆ ಮುಂಚೆ, ‘ನಿಮ್ಮ ಮಗುವನ್ನ ಇಲ್ಲಿ ಸೇರಿಸಿಕೊಳ್ಳಲ್ಲ’ ಅಂತ ಶಾಲೆಗಳು ಮುಖದ ಮೇಲೆ ಹೇಳಬಹುದಿತ್ತು, ಹೇಳ್ತಿದ್ವು. ಎಷ್ಟೋ ಮಕ್ಕಳಿಗೆ ಉಳೀತಿದ್ದಿದ್ದು ಎರಡೇ ದಾರಿ. ಮನೆಯ ಕೋಣೆ, ಇಲ್ಲಾಂದ್ರೆ ಊರಾಚೆಯ ದೊಡ್ಡ ಆಸ್ಪತ್ರೆಯಂಥ ಸಂಸ್ಥೆ.

ಸರಿ, ಟೀಚ್ ಕೇಂದ್ರದೊಳಗೆ ಅಸಲಿಗೆ ಏನು ಮಾಡ್ತಾರೆ? ನಂಗೆ ಅತಿ ಇಷ್ಟವಾಗಿದ್ದು ಅವರ ಮೌಲ್ಯಮಾಪನ. 1979ರಲ್ಲಿ ಶಾಪ್ಲರ್, ರೈಕ್ಲರ್ ಪ್ರಕಟಿಸಿದ ಒಂದು ಪರೀಕ್ಷೆ ಇದೆ. ಸಾಮಾನ್ಯವಾಗಿ ಪರೀಕ್ಷೆ ಅಂದ್ರೆ ಪಾಸು, ಫೇಲು. ಇದರಲ್ಲಿ ಮೂರನೇ ಖಾನೆ ಇದೆ: ‘ಮೊಳಕೆ’ ಅನ್ನೋಣ. ಮಗುವಿಗೆ ಗುಂಡಿ ಹಾಕೋಕೆ ಬರಲ್ಲ, ಆದ್ರೆ ಗುಂಡಿಯನ್ನ ತೂತಿನ ಹತ್ತಿರ ತರೋ ಪ್ರಯತ್ನ ಮಾಡುತ್ತೆ. ಅದು ಫೇಲ್ ಅಲ್ಲ, ಮೊಳಕೆ. ಮನೆಗೆ ಕೊಡೋ ಪಾಠ ಎಲ್ಲ ಈ ಮೊಳಕೆಗಳಿಂದಲೇ ಶುರು. ಬಂದಿರೋದನ್ನ ಮತ್ತೆ ಕಲಿಸಿ ಬೇಜಾರು ಮಾಡೋದಿಲ್ಲ, ಸುತರಾಂ ಬಾರದ್ದನ್ನ ಹೇರಿ ಅಳಿಸೋದಿಲ್ಲ. ನಾನು ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ ಬರೆದಾಗ ಇಂಥದ್ದೊಂದು ಖಾನೆ ಇದ್ದಿದ್ರೆ ಅಂತ ಅನ್ನಿಸ್ತು.

1980ರಲ್ಲಿ ಆಟಿಸಂ ಗುರುತಿಸೋಕೆ ಇನ್ನೊಂದು ಅಳತೆ ಪ್ರಕಟಿಸಿದ್ರು. ಹೆಸರು ಕಾರ್ಸ್. 15 ಅಂಶ, ಒಂದೊಂದಕ್ಕೂ 1ರಿಂದ 4 ಅಂಕ. ಜನರ ಜೊತೆ ಹೇಗೆ ಬೆರೆಯುತ್ತೆ, ಅನುಕರಣೆ ಮಾಡುತ್ತಾ, ಬದಲಾವಣೆಗೆ ಹೇಗೆ ಒಗ್ಗುತ್ತೆ, ಹೀಗೆ. ಒಟ್ಟು 30ಕ್ಕೆ ಬಂದ್ರೆ ಅಥವಾ ದಾಟಿದ್ರೆ ಆಟಿಸಂ ಅಂತ ಪರಿಗಣನೆ. ಇದು ಪ್ರಪಂಚ ಸುತ್ತಿತು. ನಮ್ಮ ದೇಶದ ಆಸ್ಪತ್ರೆಗಳಲ್ಲೂ ವರ್ಷಗಟ್ಟಲೆ ಬಳಕೆಯಲ್ಲಿದೆ.

ಇನ್ನು ಕಲಿಸೋ ರೀತಿ. ತರಗತಿಗೆ ಹೋದ್ರೆ ಮೊದಲು ಕಾಣೋದು ಜಾಗದ ವಿಂಗಡಣೆ. ಇಲ್ಲಿ ಆಟ, ಇಲ್ಲಿ ಕೆಲಸ, ಇಲ್ಲಿ ತಿಂಡಿ. ಕಪಾಟು, ಚಾಪೆ, ಟೇಪು ಏನಾದ್ರೂ ಬಳಸಿ ಗಡಿ ಮಾಡಿರ್ತಾರೆ, ಎಲ್ಲಿದ್ದೀನಿ ಅಂತ ನೋಡಿದ ಕೂಡಲೇ ಮಗುವಿಗೆ ಗೊತ್ತಾಗೋ ಹಾಗೆ. ಆಮೇಲೆ ದಿನಚರಿ ಪಟ್ಟಿ, ಅದೇ ಅಕ್ಕನ ಫ್ರಿಜ್ ಮೇಲಿದ್ದದ್ದು. ಓದೋಕೆ ಬರೋರಿಗೆ ಅಕ್ಷರ, ಬಾರದವರಿಗೆ ಚಿತ್ರ, ಚಿತ್ರವೂ ಅರ್ಥ ಆಗದವರಿಗೆ ವಸ್ತುವೇ. ಚಮಚ ಕೈಗೆ ಕೊಟ್ರೆ ಊಟ. ಮೂರನೇದು ಕೆಲಸದ ಜೋಡಣೆ. ಎಡಗಡೆ ಬುಟ್ಟಿಯಲ್ಲಿ ಮಾಡಬೇಕಾದ ಕೆಲಸ, ನಡುವೆ ಮಗು, ಬಲಗಡೆ ಮುಗಿದ ಕೆಲಸದ ಡಬ್ಬಿ. ಮಗು ಒಂದು ಮಾತೂ ಕೇಳದೆ ನಾಲ್ಕು ಪ್ರಶ್ನೆಗೆ ಉತ್ತರ ಸಿಗುತ್ತೆ: ಏನು ಮಾಡ್ಬೇಕು, ಎಷ್ಟು ಮಾಡ್ಬೇಕು, ಮುಗೀತು ಅಂತ ಹೇಗೆ ಗೊತ್ತಾಗುತ್ತೆ, ಆಮೇಲೇನು.

ನಮ್ಮನ್ನೇ ನೋಡ್ಕೊಳ್ಳಿ. ಆಫೀಸಲ್ಲಿ ‘ಇವತ್ತು ಮೀಟಿಂಗ್ ಇದೆ’ ಅಂತ ಅಷ್ಟೇ ಹೇಳಿ, ಎಷ್ಟು ಗಂಟೆಗೆ, ಯಾಕೆ, ಯಾವಾಗ ಮುಗಿಯುತ್ತೆ ಅಂತ ಹೇಳದೇ ಇದ್ರೆ ನಮಗೇ ಹೊಟ್ಟೆಯೊಳಗೆ ಕಿವುಚಿದ ಹಾಗಾಗುತ್ತೆ. ಫೋನ್ ಕ್ಯಾಲೆಂಡರ್ ಇಲ್ಲದೆ ಒಂದು ದಿನ ಕಳೆಯೋಕೆ ನನ್ನ ಕೈಲಂತೂ ಆಗಲ್ಲ. ಆ ಮಗುವಿಗೆ ದಿನದ ಪ್ರತಿ ಗಂಟೆಯೂ ಯಾವಾಗ ಮುಗಿಯುತ್ತೋ ತಿಳಿಯದ ಮೀಟಿಂಗೇ.

ಮಕ್ಕಳು ದೊಡ್ಡವರಾದ್ರು. ಮೊದಲ ಗುಂಪಿನವರು ಮೂವತ್ತು ದಾಟಿದಾಗ ಹೆತ್ತವರಿಗೆ ಹೊಸ ಚಿಂತೆ, ನಾವು ಹೋದ ಮೇಲೆ ಯಾರು? ಕೇಂದ್ರವೂ ಅವರ ಜೊತೆ ಬೆಳೀಬೇಕಾಯ್ತು. ಕೆಲಸ ಹುಡುಕಿ ಕೊಡೋದು, ಕೆಲಸದ ಜಾಗದಲ್ಲಿ ಜೊತೆಗಿದ್ದು ಕಲಿಸೋ ತರಬೇತುದಾರರನ್ನ ಕೊಡೋದು ಶುರುವಾಯ್ತು. 1990ರ ಸುಮಾರಿಗೆ ಹತ್ತಿರದ ಪಿಟ್ಸ್‌ಬರೋ ಬಳಿ ಆಟಿಸಂ ಇರೋ ವಯಸ್ಕರು ವಾಸ ಮಾಡ್ಕೊಂಡು ತೋಟದ ಕೆಲಸ ಮಾಡೋ ಒಂದು ವಸತಿ ಕೇಂದ್ರ ಬಂತು. ಶಾಪ್ಲರ್ ನಂತರ ಗ್ಯಾರಿ ಮೆಸಿಬೋವ್ ನಿರ್ದೇಶಕರಾದ್ರು. ಅವರು ‘ಆಟಿಸಂ ಸಂಸ್ಕೃತಿ’ ಅನ್ನೋ ಮಾತನ್ನ ಬಳಕೆಗೆ ತಂದ್ರು. ಬೇರೆ ದೇಶಕ್ಕೆ ಹೋದ್ರೆ ಅಲ್ಲಿನ ಭಾಷೆ, ರೀತಿನೀತಿ ನಾವು ಹೇಗೆ ಕಲೀತೀವೋ ಹಾಗೆ ಇವರ ಯೋಚನೆಯ ರೀತಿಯನ್ನ ನಾವು ಕಲೀಬೇಕು, ಎಲ್ಲ ಹೊಂದಾಣಿಕೆ ಅವರದೇ ಆಗಬಾರದು ಅಂತ. ಈಗ ಆ ರಾಜ್ಯದಲ್ಲಿ ಟೀಚ್‌ಗೆ ಏಳು ಪ್ರಾದೇಶಿಕ ಕೇಂದ್ರಗಳಿವೆ.

ಎಲ್ಲವೂ ಹೂವಿನ ದಾರಿ ಅಂತ ಹೇಳಿದ್ರೆ ನಿಮಗೆ ಮೋಸ ಮಾಡಿದ ಹಾಗೆ. 1987ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಐವಾರ್ ಲೋವಾಸ್, ತಮ್ಮ ತೀವ್ರ ವರ್ತನಾ ತರಬೇತಿಯಿಂದ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಮಕ್ಕಳ ಮಟ್ಟಕ್ಕೆ ಬಂದ್ರು ಅಂತ ಪ್ರಕಟಿಸಿದ್ರು. ಶಾಪ್ಲರ್ ಅದನ್ನ ನೇರವಾಗಿ ಪ್ರಶ್ನೆ ಮಾಡಿದ್ರು. ಮಕ್ಕಳನ್ನ ಆರಿಸಿದ ರೀತಿ ಸರಿ ಇಲ್ಲ, ಅಳೆದ ರೀತಿ ಸರಿ ಇಲ್ಲ ಅಂತ. ಎರಡು ಪಂಥಗಳ ನಡುವೆ ಈ ಜಗಳ ವರ್ಷಗಟ್ಟಲೆ ನಡೀತು. ಆದ್ರೆ ಟೀಚ್ ಮೇಲೂ ಪ್ರಶ್ನೆ ಇದೆ. 2013ರಲ್ಲಿ 13 ಅಧ್ಯಯನಗಳನ್ನ ಒಟ್ಟು ಸೇರಿಸಿ ಲೆಕ್ಕ ಹಾಕಿದ ಒಂದು ವಿಮರ್ಶೆ, ಸಾಮಾಜಿಕ ವರ್ತನೆಯಲ್ಲಿ ಒಳ್ಳೇ ಪ್ರಯೋಜನ ಕಾಣುತ್ತೆ, ಬುದ್ಧಿ, ಭಾಷೆ, ಚಲನೆಯಂಥ ಕಡೆ ಪರಿಣಾಮ ಸಣ್ಣದು ಅಂತ ಹೇಳ್ತು. ಅಷ್ಟು ವರ್ಷ ನಡೆದ ಕೇಂದ್ರಕ್ಕೆ ದೊಡ್ಡ, ಗಟ್ಟಿ ಪ್ರಯೋಗಗಳು ಇನ್ನೂ ಹೆಚ್ಚು ಇರಬೇಕಿತ್ತು ಅನ್ನೋದು ನ್ಯಾಯವಾದ ಮಾತು. ಹೊರಗಿನ ಪ್ರಪಂಚದಲ್ಲಿ ಎಲ್ಲಾ ಕಡೆ ಚಿತ್ರದ ಪಟ್ಟಿ ಸಿಗಲ್ಲ, ಪಟ್ಟಿಗೇ ಒಗ್ಗಿಬಿಟ್ರೆ ಮುಂದೇನು ಅಂತ ಕೇಳೋರೂ ಇದ್ದಾರೆ. ಅದಕ್ಕೆ ನನ್ನ ಹತ್ತಿರ ಇರೋ ಉತ್ತರ ಕನ್ನಡಕದ್ದು: ಒಗ್ಗಿಕೊಂಡಿದ್ದೀನಿ, ತೆಗೆಯೋಕೆ ಹೋಗಲ್ಲ.

ಆದ್ರೆ ತಾಯಿಯ ಮೇಲಿನ ಆರೋಪ ಏನಾಯ್ತು? ಅದನ್ನ ಒಡೆದವರು ಶಾಪ್ಲರ್ ಒಬ್ಬರೇ ಅಲ್ಲ. 1964ರಲ್ಲೇ ಬರ್ನಾರ್ಡ್ ರಿಮ್ಲ್ಯಾಂಡ್, ಸ್ವತಃ ಆಟಿಸಂ ಇರೋ ಮಗನ ತಂದೆ, ನೌಕಾಪಡೆಯಲ್ಲಿದ್ದ ಮನಶ್ಶಾಸ್ತ್ರಜ್ಞ, ಇದು ಮಿದುಳಿಗೆ ಸಂಬಂಧಿಸಿದ್ದು ಅಂತ ಪುಸ್ತಕವನ್ನೇ ಬರೆದಿದ್ರು. 1969ರಲ್ಲಿ ಹೆತ್ತವರ ರಾಷ್ಟ್ರೀಯ ಸಂಘದ ಸಭೆಗೆ ಬಂದ ಲಿಯೋ ಕ್ಯಾನರ್, ಎಲ್ಲರೆದುರು ನಿಂತು ಹೆತ್ತವರನ್ನ ಆರೋಪದಿಂದ ಮುಕ್ತಗೊಳಿಸ್ತಿದ್ದೀನಿ ಅಂದ್ರು. 1977ರಲ್ಲಿ ಬ್ರಿಟನ್‌ನಿಂದ ಅವಳಿ ಮಕ್ಕಳ ಅಧ್ಯಯನ ಬಂತು. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳಲ್ಲಿ 4 ಜೋಡಿಯಲ್ಲಿ ಇಬ್ಬರಿಗೂ ಆಟಿಸಂ. ಬೇರೆ ಬೇರೆ ಅಂಡದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿಲ್ಲ. ಒಂದೇ ಮನೆ, ಒಂದೇ ಅಮ್ಮ, ಆದ್ರೂ ಈ ವ್ಯತ್ಯಾಸ. ವಂಶವಾಹಿಗಳ ಪಾತ್ರ ಅಲ್ಲಿಂದ ಸ್ಪಷ್ಟವಾಗ್ತಾ ಹೋಯ್ತು.

ಅಂದ್ರೆ ವಿಜ್ಞಾನದಲ್ಲಿ ಈ ಕೇಸು ಖುಲಾಸೆಯಾಗಿ ಅರ್ಧ ಶತಮಾನ ಆಗಿದೆ. ಚಿಕ್ಕ ಮಕ್ಕಳ ಕೈಗೆ ಹೊತ್ತುಗಟ್ಟಲೆ ಮೊಬೈಲ್ ಕೊಡೋದು ಒಳ್ಳೇದಲ್ಲ, ಅದು ನಿಜ, ಆದ್ರೆ ಅದು ಬೇರೆ ಮಾತು. ಆಟಿಸಂ ಬಂದಿದ್ದೇ ಅದರಿಂದ ಅನ್ನೋಕೆ ಪುರಾವೆ ಇಲ್ಲ. ಗ್ರಹಣಕ್ಕಂತೂ ಮೊದಲೇ ಇಲ್ಲ.

ನಮ್ಮ ಕಾನೂನು ತಡವಾಗಿ ಬಂತು. ಅಂಗವಿಕಲರಿಗಾಗಿ 1995ರಲ್ಲಿ ಬಂದ ಭಾರತದ ಕಾಯ್ದೆಯಲ್ಲಿ ಏಳು ವಿಧದ ವೈಕಲ್ಯಗಳ ಹೆಸರಿತ್ತು, ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯಲ್ಲಿ ಅದು ಸೇರ್ತು. 2016ರ ಕಾಯ್ದೆ ವೈಕಲ್ಯಗಳ ಪಟ್ಟಿಯನ್ನ 21ಕ್ಕೆ ಏರಿಸಿ, ಅದರಲ್ಲಿ ಆಟಿಸಂಗೂ ಜಾಗ ಕೊಡ್ತು. ಪ್ರಮಾಣಪತ್ರಕ್ಕೆ ಈಗ ಬಳಸೋದು ನಮ್ಮದೇ ಭಾರತೀಯ ಅಳತೆ, 40 ಪ್ರಶ್ನೆಗಳದ್ದು. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಎರಡು ವರ್ಷದ ಮಗು ಹೆಸರು ಕರೆದ್ರೆ ತಿರುಗಿ ನೋಡಲ್ಲ, ಬೇಕಾದ್ದನ್ನ ಬೆರಳು ಮಾಡಿ ತೋರಿಸಲ್ಲ ಅಂತಿದ್ರೆ, ಕಾಯಬೇಡಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಎರಡರಲ್ಲೂ ಮಕ್ಕಳ ತಪಾಸಣೆ ಮಾಡ್ತಾರೆ. ಆಡೋಕೆ ತಡ ಆದ್ರೆ ಆಗಲಿ, ನಿಮ್ಮ ಮಾವನೂ ಐದು ವರ್ಷಕ್ಕೆ ಮಾತಾಡಿದ್ದು ಅನ್ನೋ ಹಿರಿಯರ ಸಮಾಧಾನ ಕೇಳ್ಕೊಂಡು ಕೂತ್ರೆ ವರ್ಷಗಳು ಹೋಗ್ತವೆ. ಅಕ್ಕನಿಗೂ ಹಾಗೇ ಒಂದೂವರೆ ವರ್ಷ ಹೋಯ್ತು.

ಎರಿಕ್ ಶಾಪ್ಲರ್ 2006ರ ಜುಲೈನಲ್ಲಿ ತೀರಿಕೊಂಡರು. 79 ವರ್ಷ ಆಗಿತ್ತು.

ಹೋದ ತಿಂಗಳು ತುಮಕೂರಿಗೆ ಹೋಗಿದ್ದೆ. ಆವತ್ತು ಶಾಲೆಗೆ ದಿಢೀರ್ ರಜೆ. ಮೊದಲಾಗಿದ್ರೆ ಇಡೀ ದಿನ ಕಿರುಚಾಟ ಅಂತ ನಂಗೆ ಗೊತ್ತು. ಅಕ್ಕ ಬೆಳಗ್ಗೆಯೇ ಅವನನ್ನ ಫ್ರಿಜ್ ಹತ್ತಿರ ಕರ್ಕೊಂಡು ಹೋಗಿ, ಅವನೆದುರೇ ಬ್ಯಾಗ್ ಮತ್ತು ಆಟೋ ಚಿತ್ರ ತೆಗೆದು ಆ ಜಾಗಕ್ಕೆ ನನ್ನ ಫೋಟೋ ಅಂಟಿಸಿದ್ಲು. ಅವನು ಸ್ವಲ್ಪ ಹೊತ್ತು ಪಟ್ಟಿ ನೋಡಿದ, ನನ್ನನ್ನ ನೋಡಿದ, ಮತ್ತೆ ಪಟ್ಟಿ ನೋಡಿದ. ದೋಸೆ ತಿಂದು, ದೋಸೆ ಚಿತ್ರ ಡಬ್ಬಿಗೆ ಹಾಕಿ, ಬಂದು ನನ್ನ ಕೈ ಹಿಡ್ಕೊಂಡು ಬಾಗಿಲ ಕಡೆ ಎಳೆದ. ಬಸ್ ಸ್ಟಾಪ್‌ನಲ್ಲಿ ನಲವತ್ತು ನಿಮಿಷ ನಿಂತ್ವಿ. ಹೋದ ಬಸ್ಸಿನ ನಂಬರೆಲ್ಲ ಅವನೇ ಹೇಳಿದ. ವಾಪಸ್ ಬಂದ ಮೇಲೆ ನನ್ನ ಫೋಟೋವನ್ನೂ ಕಿತ್ತು ಡಬ್ಬಿಗೆ ಹಾಕಿಬಿಟ್ಟ. ನನ್ನ ಕೆಲಸ ಮುಗಿದಿತ್ತು.